ದೂರದ ನೌಕರಿ, ನಿದ್ದೆಯ ಸಾಲ

ಬೆಳಗಿನ ಜಾವ ಐದೂವರೆ, ಆರು ಗಂಟೆಗೆ ಮಂಡ್ಯದ ರೈಲು ನಿಲ್ದಾಣಕ್ಕೊಮ್ಮೆ ಹೋಗಿ ನೋಡಿ. ಪ್ಲಾಟ್‌ಫಾರಂ ತುಂಬಾ ಜನ. ಕೈಯಲ್ಲಿ ಊಟದ ಡಬ್ಬಿ, ಹೆಗಲಲ್ಲಿ ಚೀಲ, ಕಣ್ಣಲ್ಲಿ ಇನ್ನೂ ಹೋಗದ ನಿದ್ದೆ. ಇವರು ಮದುವೆಗೋ ಜಾತ್ರೆಗೋ ಹೊರಟವರಲ್ಲ. ಬೆಂಗಳೂರಿನ ಕಚೇರಿ, ಬ್ಯಾಂಕು, ಆಸ್ಪತ್ರೆ, ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ದಿನವೂ ಹೋಗಿಬರುವವರು. ರಾತ್ರಿ ಎಂಟೂವರೆ, ಒಂಬತ್ತಕ್ಕೆ ಇದೇ ಮುಖಗಳು ಇದೇ ಪ್ಲಾಟ್‌ಫಾರಂನಲ್ಲಿ ಇಳಿಯುತ್ತವೆ. ತುಮಕೂರು, ಬಂಗಾರಪೇಟೆ, ರಾಮನಗರಗಳಲ್ಲೂ ಇದೇ ನೋಟ.

ಮಂಡ್ಯದಿಂದ ಬೆಂಗಳೂರಿಗೆ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ರೈಲಿನಲ್ಲಿ ಒಂದೂವರೆಯಿಂದ ಎರಡು ಗಂಟೆ. ಮನೆಯಿಂದ ನಿಲ್ದಾಣ, ನಿಲ್ದಾಣದಿಂದ ಕಚೇರಿ ಇವೆರಡನ್ನೂ ಸೇರಿಸಿದರೆ ಹೋಗಿಬರಲು ದಿನಕ್ಕೆ ಐದು ಗಂಟೆ ಸುಲಭವಾಗಿ ಆಗುತ್ತದೆ. ನಾವು ನಾಲ್ಕೇ ಗಂಟೆ ಎಂದು ಹಿಡಿಯೋಣ. ತಿಂಗಳಿಗೆ 25 ದಿನದಂತೆ ವರ್ಷಕ್ಕೆ 1200 ಗಂಟೆ, ಅಂದರೆ ಹಗಲು ರಾತ್ರಿ ಸೇರಿದ 50 ಪೂರ್ಣ ದಿನಗಳು. ಇಪ್ಪತ್ತು ವರ್ಷ ಹೀಗೆ ಓಡಾಡಿದವರು ಸಾವಿರ ದಿನಗಳನ್ನು ದಾರಿಯಲ್ಲೇ ಕಳೆದಿರುತ್ತಾರೆ.

ಇವರಲ್ಲಿ ಅನೇಕರು ನನ್ನ ಬಳಿ ಬರುವ ರೋಗಿಗಳು. ಏರಿದ ರಕ್ತದೊತ್ತಡ, ಹತೋಟಿಗೆ ಬಾರದ ಸಕ್ಕರೆ, ಹುಳಿತೇಗು, ಸೊಂಟನೋವು, ಪದೇ ಪದೇ ಉರಿಮೂತ್ರ. "ಅಷ್ಟು ದೂರ ದಿನಾ ಓಡಾಡಬೇಡಿ" ಎಂದು ಹೇಳುವುದು ಸುಲಭ. ಆದರೆ ಜನ ಯಾಕೆ ಇದನ್ನು ಸಹಿಸಿಕೊಳ್ಳುತ್ತಾರೆ ಎಂದು ತಿಳಿಯದೆ ಕೊಟ್ಟ ಸಲಹೆ, ನಾಡಿ ನೋಡದೆ ಕೊಟ್ಟ ಔಷಧಿಯ ಹಾಗೆ. ಆದ್ದರಿಂದ ಮೊದಲು ಕಾರಣಗಳನ್ನೇ ನೋಡೋಣ.

ಮನೆ ಇಲ್ಲಿ, ಅನ್ನ ಅಲ್ಲಿ

ದೂರದಿಂದ ನೋಡುವವರಿಗೆ ಇದು ಹುಚ್ಚಾಟದಂತೆ ಕಾಣಬಹುದು. ಹತ್ತಿರ ಕೂತು ಕೇಳಿದರೆ ಪ್ರತಿಯೊಬ್ಬರ ಬಳಿಯೂ ಪಕ್ಕಾ ಲೆಕ್ಕವಿದೆ. ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆಗೆ ಕೊಡುವ ಬಾಡಿಗೆ, ಅದರ ಮೇಲೆ ಹಲವು ತಿಂಗಳ ಅಡ್ವಾನ್ಸು, ಕುಡಿಯುವ ನೀರಿಗೂ ದುಡ್ಡು. ಇಲ್ಲಿ ಅಪ್ಪ ಕಟ್ಟಿಸಿದ ಮನೆಯಿದೆ. ವಯಸ್ಸಾದ ತಂದೆತಾಯಿ ಇದ್ದಾರೆ. ಒಂದೆಕರೆಯಾದರೂ ಗದ್ದೆ ಇದೆ, ಒಂದು ಹಸು ಇದೆ. ಮಗಳು ಇಲ್ಲಿನ ಶಾಲೆಯಲ್ಲಿ ಹೊಂದಿಕೊಂಡಿದ್ದಾಳೆ. ಗಂಡ ಇಲ್ಲಿ ಮೇಷ್ಟ್ರು, ಹೆಂಡತಿಗೆ ಬೆಂಗಳೂರಿನಲ್ಲಿ ಕೆಲಸ, ಒಬ್ಬರು ಓಡಾಡಲೇಬೇಕು.

ದಾರಿಯ ಖರ್ಚೂ ದೊಡ್ಡದಲ್ಲ. ರೈಲ್ವೆಯ ತಿಂಗಳ ಪಾಸು 150 ಕಿಲೋಮೀಟರಿನವರೆಗೆ ಸಿಗುತ್ತದೆ. ಮೈಸೂರು ಕೂಡ ಆ ಗಡಿಯೊಳಗೇ ಬರುತ್ತದೆ. ಪಾಸಿನ ದರ ದಿನದ ಟಿಕೆಟ್ಟಿಗೆ ಹೋಲಿಸಿದರೆ ಬಹಳ ಕಡಿಮೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚೂ ಇಲ್ಲವಾಯಿತು. ಇದರಿಂದ ಎಷ್ಟೋ ಹೆಣ್ಣುಮಕ್ಕಳು ಮೊದಲ ಬಾರಿಗೆ ದೂರದ ಕೆಲಸಕ್ಕೆ ಹೋಗುವಂತಾಯಿತು. ಇದು ಒಳ್ಳೆಯದೇ, ಆ ಸಂಬಳದಿಂದ ಮನೆಯಲ್ಲಿ ಅವರ ಮಾತಿಗೊಂದು ತೂಕ ಬಂದಿದೆ.

ಕೋಲಾರದ ಚಿನ್ನದ ಗಣಿಯ ಕಥೆ ಇನ್ನೂ ಕಠಿಣ. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. ಕೆಲಸ ಹೋಯಿತು, ಆದರೆ ಮನೆ ಅಲ್ಲೇ ಉಳಿಯಿತು. ತಲೆಮಾರುಗಳಿಂದ ಬಾಳಿದ ಗಣಿ ಕಾಲೊನಿಯನ್ನು ಬಿಟ್ಟು ಬೆಂಗಳೂರಿನಲ್ಲಿ ಬಾಡಿಗೆ ಹಿಡಿಯುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಹಾಗಾಗಿ ಮಾರಿಕುಪ್ಪಂನಿಂದ ಹೊರಡುವ ರೈಲುಗಳು ಸಾವಿರಾರು ಜನರನ್ನು ದಿನವೂ ಬೆಂಗಳೂರಿಗೆ ಹೊತ್ತುತಂದು, ರಾತ್ರಿ ವಾಪಸು ಬಿಡುತ್ತಿವೆ. ಗಣಿ ಕಾರ್ಮಿಕರ ಮಕ್ಕಳು ಹೀಗೆ ಓಡಾಡುತ್ತಲೇ ನಡುವಯಸ್ಸಿಗೆ ಬಂದಿದ್ದಾರೆ. ಇವರನ್ನು "ಯಾಕೆ ಸಹಿಸಿಕೊಳ್ಳುತ್ತೀರಿ" ಎಂದು ಕೇಳುವುದೇ ಸರಿಯಲ್ಲ.

ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಇನ್ನು ಇಪ್ಪತ್ತು ವರ್ಷ ಹೀಗೇ ಓಡಾಡುತ್ತೇನೆ" ಎಂದು ಯಾರೂ ಒಂದು ದಿನ ಕೂತು ತೀರ್ಮಾನ ಮಾಡಿರುವುದಿಲ್ಲ. "ಒಂದು ವರ್ಷದ ಮಟ್ಟಿಗೆ, ಟ್ರಾನ್ಸ್‌ಫರ್ ಆಗುವ ತನಕ" ಎಂದು ಶುರುವಾಗುತ್ತದೆ. ಆಮೇಲೆ ಮಗುವಿನ ಎಸ್ಸೆಸ್ಸೆಲ್ಸಿ ಮುಗಿಯಲಿ ಎನ್ನುತ್ತಾರೆ, ಆಮೇಲೆ ತಂಗಿಯ ಮದುವೆ ಆಗಲಿ ಎನ್ನುತ್ತಾರೆ. ಅಷ್ಟರಲ್ಲಿ ರೈಲಿನಲ್ಲಿ ಗೆಳೆಯರಾಗಿರುತ್ತಾರೆ. ಈ ರೈಲಿನ ಗೆಳೆತನವನ್ನು ಹಗುರವಾಗಿ ನೋಡಬೇಡಿ. ಒಬ್ಬರ ಮಗಳ ಮದುವೆಗೆ ಇಡೀ ಬೋಗಿ ಹೋಗುತ್ತದೆ. ಒಬ್ಬರು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಫೋನು ಬರುತ್ತದೆ. ತುಮಕೂರಿನ ನಿತ್ಯ ಪ್ರಯಾಣಿಕರು ತಮ್ಮ ರೈಲಿಗೆ ಹುಟ್ಟುಹಬ್ಬ ಮಾಡಿದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಒಂಟಿತನದಿಂದ ನರಳುವ ಎಷ್ಟೋ ಜನರಿಗಿಂತ ಇವರು ಮನಸ್ಸಿನಲ್ಲಿ ಗಟ್ಟಿ ಎಂದು ನನಗೆ ಅನ್ನಿಸಿದೆ.

ಮನಸ್ಸು ಒಗ್ಗಿದರೂ ದಾರಿ ಒಗ್ಗದು

ಆದರೂ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿರುತ್ತದೆ. ಸ್ವಿಟ್ಜರ್ಲೆಂಡಿನ ಇಬ್ಬರು ಅರ್ಥಶಾಸ್ತ್ರಜ್ಞರು, ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ, ಜರ್ಮನಿಯ ಜನರ ಮಾಹಿತಿಯನ್ನು ಆಧರಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನುಷ್ಯ ಬುದ್ಧಿವಂತಿಕೆಯಿಂದ ಲೆಕ್ಕ ಹಾಕುವವನಾದರೆ, ಹೆಚ್ಚು ದೂರ ಓಡಾಡುವವನಿಗೆ ಹೆಚ್ಚು ಸಂಬಳವೋ ಒಳ್ಳೆಯ ಮನೆಯೋ ಸಿಕ್ಕಿ ಕೊನೆಗೆ ನೆಮ್ಮದಿ ಸರಿದೂಗಬೇಕು. ಅವರು ಕಂಡದ್ದು ಬೇರೆ: ದಾರಿ ಉದ್ದವಾದಷ್ಟೂ ಜನ ತಮ್ಮ ಬದುಕಿನ ಬಗ್ಗೆ ಹೇಳಿಕೊಂಡ ತೃಪ್ತಿ ಕಡಿಮೆಯಾಗಿತ್ತು. ಅಮೆರಿಕದ ಟೆಕ್ಸಸ್‌ನಲ್ಲಿ 909 ಉದ್ಯೋಗಸ್ಥ ಮಹಿಳೆಯರಿಂದ ದಿನದ ಪ್ರತಿಯೊಂದು ಕೆಲಸವೂ ಎಷ್ಟು ಹಿತವಾಗಿತ್ತು ಎಂದು ಬರೆಸಿಕೊಂಡ ಇನ್ನೊಂದು ಅಧ್ಯಯನದಲ್ಲಿ (2004) ಬೆಳಗಿನ ಪ್ರಯಾಣ ಪಟ್ಟಿಯ ತಳದಲ್ಲಿತ್ತು.

ಇದಕ್ಕೆ ಒಂದು ವಿವರಣೆಯಿದೆ. ಹೊಸ ಮನೆಗೆ, ಹೆಚ್ಚಿದ ಸಂಬಳಕ್ಕೆ ನಾವು ಬೇಗ ಒಗ್ಗಿಕೊಳ್ಳುತ್ತೇವೆ; ಆರು ತಿಂಗಳಲ್ಲಿ ಅದು ಮಾಮೂಲಾಗುತ್ತದೆ. ಆದರೆ ದಾರಿ ದಿನಕ್ಕೊಂದು ಥರ. ಇವತ್ತು ರೈಲು ತಡ, ನಾಳೆ ಸೀಟಿಲ್ಲ, ನಾಡಿದ್ದು ಕೆಂಗೇರಿಯ ಹತ್ತಿರ ಸಿಗ್ನಲ್ಲಿನಲ್ಲಿ ನಿಂತುಬಿಟ್ಟಿತು. ಏನಾಗುತ್ತದೆಂದು ಗೊತ್ತಿಲ್ಲದ ಕಷ್ಟಕ್ಕೆ ದೇಹ ಒಗ್ಗುವುದು ಕಷ್ಟ.

ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ನಡೆದ ಒಂದು ಪರೀಕ್ಷೆ ನಮ್ಮ ಮಂಡ್ಯದವರಿಗೆಂದೇ ಮಾಡಿದಂತಿದೆ. ಸ್ಟಾಕ್‌ಹೋಮಿಗೆ ಹೋಗುವ ರೈಲಿನಲ್ಲಿ ಮೊದಲ ನಿಲ್ದಾಣದಲ್ಲಿ ಹತ್ತಿ ಸುಮಾರು 80 ನಿಮಿಷ ಕೂರುವವರನ್ನೂ, ನಡುದಾರಿಯಲ್ಲಿ ಹತ್ತಿ ಸುಮಾರು 40 ನಿಮಿಷ ಪ್ರಯಾಣಿಸುವವರನ್ನೂ ಆರಿಸಿ, ಅವರ ಮೂತ್ರದಲ್ಲಿ ಅಡ್ರಿನಲಿನ್ ಅಳೆದರು. ಗಾಬರಿ, ಉದ್ವೇಗದ ಹೊತ್ತಿನಲ್ಲಿ ನಮ್ಮ ದೇಹ ಸುರಿಸುವ ಹಾರ್ಮೋನು ಅದು. ಅದು ಹೆಚ್ಚು ಕಂಡದ್ದು ಅರ್ಧ ದೂರವಷ್ಟೇ ಹೋಗುವವರಲ್ಲಿ! ಮೊದಲು ಹತ್ತಿದವರು ಬೇಕಾದ ಸೀಟು ಆರಿಸಿ, ಗೆಳೆಯರ ಪಕ್ಕ ಕೂತು, ಚೀಲ ಇಟ್ಟುಕೊಂಡು ನಿರಾಳವಾಗುತ್ತಿದ್ದರು. ನಡುವೆ ಹತ್ತಿದವರಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಮೈಸೂರಿನಲ್ಲಿ ತುಂಬಿ ಬರುವ ರೈಲನ್ನು ಮಂಡ್ಯ, ಮದ್ದೂರಿನಲ್ಲಿ ಹತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಅಭ್ಯಾಸ ಆಗೋಗದೆ ಡಾಕ್ಟ್ರೇ"

ಈಗ ಮುಖ್ಯ ವಿಷಯಕ್ಕೆ ಬರೋಣ. ದಾರಿಗೆ ಬೇಕಾದ ನಾಲ್ಕೈದು ಗಂಟೆಯನ್ನು ಎಲ್ಲಿಂದ ತರುತ್ತೀರಿ? ಕಚೇರಿಯ ಹೊತ್ತು ಕಡಿಮೆಯಾಗದು. ಅಡುಗೆ, ಸ್ನಾನ, ಮಕ್ಕಳ ಹೋಂವರ್ಕು ಬಿಡಲಾಗದು. ಕೊನೆಗೆ ಕತ್ತರಿ ಬೀಳುವುದು ನಿದ್ದೆಗೆ. ನಾಲ್ಕೂವರೆಗೆ ಎದ್ದು, ರಾತ್ರಿ ಹನ್ನೊಂದಕ್ಕೆ ಮಲಗಿದರೆ ಐದೂವರೆ ಗಂಟೆ. ಡಬ್ಬಿಗೆ ಅಡುಗೆ ಮಾಡುವ ಗೃಹಿಣಿ ಇನ್ನೂ ಅರ್ಧ ಗಂಟೆ ಮೊದಲೇ ಏಳುತ್ತಾಳೆ. ಅವಳೇ ಕೆಲಸಕ್ಕೂ ಹೋಗುವವಳಾದರೆ ಐದು ಗಂಟೆಯೂ ಸಿಗದು. ವಯಸ್ಕರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಒಮ್ಮತದ ಮಾತು.

ಇದನ್ನು ಹೇಳಿದರೆ ಬರುವ ಉತ್ತರ ಒಂದೇ: "ಅಭ್ಯಾಸ ಆಗೋಗದೆ ಡಾಕ್ಟ್ರೇ, ನಂಗೆ ಅಷ್ಟೇ ಸಾಕು." ಈ ಮಾತನ್ನು ನಂಬಬೇಡಿ, ನಿಮ್ಮ ಬಾಯಿಂದಲೇ ಬಂದರೂ ಸಹ. 2003ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರನ್ನು ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿಸಿ ಪರೀಕ್ಷಿಸಿದರು. ದಿನದಿಂದ ದಿನಕ್ಕೆ ಅವರ ಎಚ್ಚರ, ಗಮನ ಕುಸಿಯುತ್ತಾ ಹೋಯಿತು. ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂದಿತು. ಸ್ವಾರಸ್ಯವೆಂದರೆ, ಅವರನ್ನೇ ಕೇಳಿದಾಗ "ಸ್ವಲ್ಪ ತೂಕಡಿಕೆ ಅಷ್ಟೇ" ಎಂದರು. ನಿದ್ದೆ ಸಾಲದ ಮಿದುಳಿಗೆ ತನಗೆ ನಿದ್ದೆ ಸಾಲದು ಎಂಬುದು ಸರಿಯಾಗಿ ತಿಳಿಯುವುದಿಲ್ಲ.

ಸಕ್ಕರೆಗೂ ನಿದ್ದೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. 1999ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿದರು. ವಾರ ಕಳೆಯುವಷ್ಟರಲ್ಲಿ ಅವರ ದೇಹಕ್ಕೆ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಎದ್ದುಕಾಣುವಷ್ಟು ಕುಗ್ಗಿತ್ತು. ಸಂಜೆಯ ಹೊತ್ತು ಕಾರ್ಟಿಸಾಲ್ ಎಂಬ ಹಾರ್ಮೋನು ಏರಿತ್ತು. ಇದು ನಾಲ್ಕು ಗಂಟೆಯ, ಆರು ದಿನದ ಮಾತು. ಐದೂವರೆ ಗಂಟೆಯಂತೆ ವರ್ಷಗಟ್ಟಲೆ ಮಲಗುವ, ವಂಶದಲ್ಲಿ ಮಧುಮೇಹವೂ ಇರುವ ನಮ್ಮವರ ಗತಿ ಯೋಚಿಸಿ. ಇದರ ಜೊತೆಗೆ ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬಾ ಉಂಡು, ಅರ್ಧ ಗಂಟೆಯೊಳಗೆ ಮಲಗುವುದು. ಎದೆಯುರಿ, ಹುಳಿತೇಗು ಎಲ್ಲಿಂದ ಬಂತೆಂದು ಹುಡುಕಬೇಕಿಲ್ಲ.

ರೈಲಿನಲ್ಲಿ ಒಂದು ಗಂಟೆ ಕಣ್ಣುಮುಚ್ಚುವುದು ಪ್ರಯೋಜನವಿಲ್ಲವೇ? ಖಂಡಿತ ಇದೆ, ಬಿಡಬೇಡಿ. ಆದರೆ ಪ್ರತಿ ನಿಲ್ದಾಣಕ್ಕೂ ಎಚ್ಚರವಾಗುವ ಕೋಳಿನಿದ್ದೆ ಹಾಸಿಗೆಯ ನಿದ್ದೆಗೆ ಸಮವಲ್ಲ. ಭಾನುವಾರ ಹತ್ತರವರೆಗೆ ಮಲಗುವುದರಿಂದಲೂ ವಾರದ ಸಾಲ ಪೂರ್ತಿ ತೀರುವುದಿಲ್ಲ.

2020ರಲ್ಲಿ ರೈಲು, ಬಸ್ಸು ನಿಂತು ಕೆಲವರು ಮನೆಯಿಂದಲೇ ಕೆಲಸ ಮಾಡಬೇಕಾಯಿತಲ್ಲ, ಆಗ ನಲವತ್ತು ದಾಟಿದ ಒಬ್ಬರು ನನಗೆ ಹೇಳಿದ ಮಾತು: "ನನ್ನ ಮಗಳು ಬೆಳಿಗ್ಗೆ ಹೆಂಗೆ ಏಳ್ತಾಳೆ ಅಂತ ನಾನು ನೋಡಿದ್ದೇ ಈಗ ಡಾಕ್ಟ್ರೇ." ಮಗಳಿಗೆ ಆಗ ಒಂಬತ್ತು ವರ್ಷ.

ಜೀವಕ್ಕೆ ಸಂಚಕಾರ ತರುವ ನಾಲ್ಕು ಸಂಗತಿ

ಕಾಲು ಊತ, ಸೊಂಟನೋವು ಇವೆಲ್ಲ ಇದ್ದದ್ದೇ. ನಿಂತು ಹೋಗುವವರು ಆಗಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಕೂತವರು ಒಮ್ಮೆ ಎದ್ದು ನಿಲ್ಲಿ. ಅಷ್ಟು ಸಾಕು. ಅದಕ್ಕಿಂತ ಗಂಭೀರವಾದವನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಸಕ್ಕರೆ ಕಾಯಿಲೆಯ ಮಾತ್ರೆ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳನ್ನು ಬೆಳಿಗ್ಗೆ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ನುಂಗಿ, "ತಿಂಡಿ ಆಫೀಸಿನಲ್ಲಿ" ಎಂದು ರೈಲು ಹತ್ತುವವರಿದ್ದಾರೆ. ರೈಲು ಬಿಡದಿ ದಾಟುವ ಹೊತ್ತಿಗೆ ಬೆವರು, ಕೈನಡುಕ, ಕಣ್ಣು ಕತ್ತಲೆ. ಇದು ಸಕ್ಕರೆ ಇಳಿದ ಲಕ್ಷಣ. ಹಾಗೇ ಬಿಟ್ಟರೆ ಪ್ರಜ್ಞೆ ತಪ್ಪಬಹುದು. ತಿಂಡಿ ತಿನ್ನುವ ಹೊತ್ತಿಗೇ ಆ ಮಾತ್ರೆ; ತಿಂಡಿ ಇಲ್ಲದೆ ಮಾತ್ರೆ ಇಲ್ಲ. ನೀವು ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ, ಎಷ್ಟು ಹೊತ್ತಿಗೆ ತಿನ್ನುತ್ತೀರಿ ಎಂಬುದನ್ನು ನಿಮ್ಮ ವೈದ್ಯರಿಗೆ ಹೇಳಿ. ಹೊತ್ತನ್ನೋ ಮಾತ್ರೆಯನ್ನೋ ಅವರು ಬದಲಿಸುತ್ತಾರೆ. ಜೇಬಿನಲ್ಲಿ ಸದಾ ಗ್ಲುಕೋಸ್ ಪುಡಿ ಅಥವಾ ಸಕ್ಕರೆ ಪೊಟ್ಟಣ ಇರಲಿ. ನಡುಕ ಬಂದರೆ ಮೂರು ನಾಲ್ಕು ಚಮಚ ತಕ್ಷಣ ಬಾಯಿಗೆ ಹಾಕಿಕೊಂಡು, ಮೇಲೆ ನಾಲ್ಕು ಬಿಸ್ಕತ್ತು ತಿನ್ನಿ. ನಿಮಗೆ ಸಕ್ಕರೆ ಕಾಯಿಲೆ ಇದೆಯೆಂದು ರೈಲಿನ ಒಬ್ಬಿಬ್ಬರು ಗೆಳೆಯರಿಗಾದರೂ ಗೊತ್ತಿರಲಿ, ಮುಚ್ಚಿಡುವಂಥದ್ದು ಅದರಲ್ಲೇನಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬಾರದು.

ಎರಡನೆಯದು ನೀರು. ಇದು ಹೆಚ್ಚಾಗಿ ಹೆಣ್ಣುಮಕ್ಕಳ ಗೋಳು. ರೈಲಿನಲ್ಲಿ ಶೌಚಾಲಯವಿದ್ದರೂ ನೂಕುನುಗ್ಗಲಿನಲ್ಲಿ ಅಲ್ಲಿಗೆ ಹೋಗಲಾಗದು, ಬಸ್ಸಿನಲ್ಲಂತೂ ಕೇಳುವಂತೆಯೇ ಇಲ್ಲ. ಹಾಗೆಂದು ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ. ಪರಿಣಾಮ ಉರಿಮೂತ್ರ, ಮೂತ್ರಕೋಶದ ಸೋಂಕು, ಕೆಲವರಲ್ಲಿ ಕಲ್ಲು. ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುವ 140 ಮಹಿಳೆಯರ ಅಧ್ಯಯನವೊಂದರಲ್ಲಿ (2018) ದಿನಕ್ಕೆ ಒಂದೂವರೆ ಲೀಟರು ಹೆಚ್ಚಿಗೆ ನೀರು ಕುಡಿದವರಲ್ಲಿ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹೊರಡುವ ಅರ್ಧ ಗಂಟೆ ಮೊದಲು ಮಾತ್ರ ತಡೆದುಕೊಳ್ಳಿ. ಕಚೇರಿ ತಲುಪಿದ ಕೂಡಲೇ ಎರಡು ಲೋಟ ಕುಡಿದು, ಸಂಜೆ ನಾಲ್ಕರೊಳಗೆ ದಿನದ ಹೆಚ್ಚು ಪಾಲು ನೀರು ಮುಗಿಸಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ, ದಾರಿಯಲ್ಲಿ ತೊಂದರೆಯೆಂದು ತಾವೇ ನಿಲ್ಲಿಸಬೇಡಿ. ಎಷ್ಟೋ ಜನ ಹೀಗೆ ನಿಲ್ಲಿಸಿ ನನಗೆ ಹೇಳಿರುವುದಿಲ್ಲ. ನಾನು ಒತ್ತಡ ಇಳಿಯುತ್ತಿಲ್ಲವೆಂದು ಇನ್ನೊಂದು ಮಾತ್ರೆ ಬರೆಯುತ್ತಿರುತ್ತೇನೆ. ನಾಚದೆ ಹೇಳಿ. ಬೇರೆ ಮಾತ್ರೆಗಳಿವೆ.

ಮೂರನೆಯದು ಎದೆ. ಹೃದಯಾಘಾತಗಳು ಬೆಳಗಿನ ಆರರಿಂದ ಮಧ್ಯಾಹ್ನದ ನಡುವೆ ಹೆಚ್ಚು ಎಂಬುದು 1985ರಿಂದಲೇ ವೈದ್ಯರಿಗೆ ತಿಳಿದಿರುವ ಸಂಗತಿ. ಅದೇ ಹೊತ್ತಿನಲ್ಲಿ ನೀವು ಚೀಲ ಹೊತ್ತು ಪ್ಲಾಟ್‌ಫಾರಂ ಮೇಲೆ ಓಡುತ್ತಿರುತ್ತೀರಿ. ಓಡಿದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿದು, ನಿಂತರೆ ಹೋಗುವ ನೋವು "ಗ್ಯಾಸ್" ಅಲ್ಲ. ಅದು ಹೃದಯ ಕೊಡುವ ಎಚ್ಚರಿಕೆ. ಅದೇ ವಾರ ಇಸಿಜಿ ಮಾಡಿಸಿ, ವೈದ್ಯರನ್ನು ಕಾಣಿ. ಕೂತರೂ ಹೋಗದ ಎದೆಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ರೈಲು ಹತ್ತಲೇಬೇಡಿ. "ಅರ್ಧ ದಿನದ ಸಂಬಳ ಹೋಗುತ್ತದೆ" ಎಂದು ಹತ್ತಿಬಿಟ್ಟರೆ ಮುಂದಿನ ಒಂದೂವರೆ ಗಂಟೆ ನಿಮ್ಮ ಹತ್ತಿರ ಆಸ್ಪತ್ರೆಯಿಲ್ಲ. ಅಲ್ಲಿಂದಲೇ 108ಕ್ಕೆ ಫೋನು ಮಾಡಿಸಿ.

ನಾಲ್ಕನೆಯದು ರಾತ್ರಿಯ ಬೈಕು. ರೈಲಿನಲ್ಲಿ ಬಂದವರು ನಿಲ್ದಾಣದ ಸ್ಟ್ಯಾಂಡಿನಿಂದ ಬೈಕು ತೆಗೆದು ಹಳ್ಳಿಗೆ ಎಂಟು ಹತ್ತು ಕಿಲೋಮೀಟರು ಹೋಗಬೇಕು. ನಾಲ್ಕೂವರೆಗೆ ಎದ್ದವರಿಗೆ ರಾತ್ರಿ ಒಂಬತ್ತೂವರೆಗೆ 17 ಗಂಟೆ ಎಚ್ಚರ ತುಂಬುತ್ತದೆ. 17ರಿಂದ 19 ಗಂಟೆ ನಿದ್ದೆಯಿಲ್ಲದೆ ಇದ್ದವರ ಚುರುಕುತನ, ರಕ್ತದಲ್ಲಿ ಶೇಕಡ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು 2000ದಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ನಮ್ಮ ಕಾನೂನಿನ ಮಿತಿ ಶೇಕಡ 0.03. ಅಂದರೆ ಒಂದು ಹನಿ ಕುಡಿಯದ ಸಭ್ಯ ಗೃಹಸ್ಥ ಕುಡಿದವನಂತೆ ಗಾಡಿ ಓಡಿಸುತ್ತಿರುತ್ತಾನೆ! ಕಬ್ಬಿನ ಗಾಡಿಗಳು ದೀಪವಿಲ್ಲದೆ ಹೋಗುವ ನಮ್ಮ ರಸ್ತೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಸಾಧ್ಯವಾದಷ್ಟೂ ಇಬ್ಬರು ಸೇರಿ ಹೋಗಿ. ರೆಪ್ಪೆ ಭಾರವೆನಿಸಿದರೆ ನಿಲ್ದಾಣದಲ್ಲೇ ಇಪ್ಪತ್ತು ನಿಮಿಷ ಒರಗಿ, ಆಮೇಲೆ ಹೊರಡಿ. ಕಾರು ಹಂಚಿಕೊಂಡು ಬರುವವರು ಒಬ್ಬನಿಗೇ ದಿನವೂ ಸ್ಟಿಯರಿಂಗ್ ಕೊಡಬೇಡಿ.

ನಿದ್ದೆಯನ್ನು ಹೇಗೆ ತರುವುದು?

ಓಡಾಟ ಬಿಡಲಾಗದವರು ನಿದ್ದೆಗೆ ಒಂದು ಗಂಟೆಯನ್ನಾದರೂ ಹೊಂದಿಸಬೇಕು. ನನ್ನ ರೋಗಿಗಳಲ್ಲಿ ಫಲ ಕೊಟ್ಟ ಉಪಾಯ ರಾತ್ರಿಯ ಊಟವನ್ನು ಮುಂಚಿತ ಮಾಡುವುದು. ಸಂಜೆ ಆರೂವರೆಗೆ ರೈಲಿನಲ್ಲೇ ಎರಡು ಚಪಾತಿಯೋ ಒಂದು ಡಬ್ಬಿ ಮೊಸರನ್ನವೋ ತಿಂದುಬಿಡಿ. ಮನೆಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದು, ಹತ್ತಕ್ಕೆ ಮಲಗಬಹುದು. ಎದೆಯುರಿಯೂ ಕಡಿಮೆಯಾಗುತ್ತದೆ. "ಮನೆಯವರೆಲ್ಲ ಕೂತು ಊಟ ಮಾಡುವುದು ತಪ್ಪುತ್ತದಲ್ಲ" ಎಂದು ಒಬ್ಬ ತಾಯಿ ಆಕ್ಷೇಪಿಸಿದರು. ಮಾತು ನಿಜವೇ. ಮಜ್ಜಿಗೆ ಕುಡಿಯುತ್ತಾ ಜೊತೆಗೆ ಕೂರಬಹುದಲ್ಲ ಎಂದೆ.

ರಾತ್ರಿ ಹತ್ತರ ಮೇಲೆ ಮೊಬೈಲು, ಧಾರಾವಾಹಿ ಬೇಡ. ಸಂಜೆ ನಾಲ್ಕರ ನಂತರ ಕಾಫಿ ಬೇಡ. ರೈಲಿನ ಸಂಜೆ ಕಾಫಿ ನಿಮ್ಮ ರಾತ್ರಿಯ ನಿದ್ದೆಯನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತಿರಬಹುದು. ಡಬ್ಬಿಯ ಅಡುಗೆಗೆ ತರಕಾರಿ ಹೆಚ್ಚುವುದು, ಹಿಟ್ಟು ಕಲಸುವುದು ರಾತ್ರಿಯೇ ಆಗಲಿ, ಅದನ್ನು ಮಾಡುವವರು ಗಂಡ ಮಕ್ಕಳಾಗಲಿ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಎಲ್ಲರಿಗಿಂತ ಕೊನೆಗೆ ಮಲಗುವ ಪದ್ಧತಿ ನಿಲ್ಲಬೇಕು.

ಕಚೇರಿಯಲ್ಲಿ ವಾರಕ್ಕೊಂದು ದಿನ ಮನೆಯಿಂದ ಕೆಲಸ ಮಾಡಲು ಅವಕಾಶವಿದ್ದರೆ ಬುಧವಾರವನ್ನು ಕೇಳಿ. ವಾರದ ನಡುವೆ ಒಂದು ಪೂರ್ತಿ ರಾತ್ರಿಯ ನಿದ್ದೆ ಸಿಕ್ಕಿದಂತಾಗುತ್ತದೆ. ಆ ಸೌಲಭ್ಯವಿಲ್ಲದ ಕಾರ್ಖಾನೆಯವರು, ಬೆಂಗಳೂರಿನಲ್ಲಿ ನೆಂಟರ ಮನೆಯಿದ್ದರೆ ವಾರಕ್ಕೊಂದು ರಾತ್ರಿ ಅಲ್ಲಿ ಉಳಿಯಬಹುದೇ ನೋಡಿ. ಕೆಲವರು ಮೂರು ನಾಲ್ಕು ಜನ ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದು ವಾರದಲ್ಲಿ ಎರಡು ರಾತ್ರಿ ಉಳಿಯುತ್ತಿದ್ದಾರೆ. ಅವರಲ್ಲಿ ಇಬ್ಬರ ರಕ್ತದೊತ್ತಡ ನಾನು ಮಾತ್ರೆ ಹೆಚ್ಚಿಸದೆಯೇ ಸ್ವಲ್ಪ ಇಳಿದಿದೆ.

ಗೊರಕೆ ಹೊಡೆಯುವವರು, ಏಳೆಂಟು ಗಂಟೆ ಮಲಗಿದ ರಜಾದಿನವೂ ಹಗಲಿಡೀ ತೂಕಡಿಸುವವರು ದಾರಿಯನ್ನೇ ದೂರಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದ್ದೀತು, ತೋರಿಸಿಕೊಳ್ಳಿ.

ಕೊನೆಯದಾಗಿ ತಪಾಸಣೆ. ನೀವು ಊರಲ್ಲಿರುವ ಹೊತ್ತಿಗೆ ಆಸ್ಪತ್ರೆಗಳು ಮುಚ್ಚಿರುತ್ತವೆ, ಹಾಗಾಗಿ ವರ್ಷಗಟ್ಟಲೆ ತಪಾಸಣೆಯೇ ಆಗಿರುವುದಿಲ್ಲ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ, ಈಗಾಗಲೇ ಮಾತ್ರೆ ತಿನ್ನುವವರು ಮೂರು ತಿಂಗಳಿಗೊಮ್ಮೆ ತೋರಿಸಿ. ನಿಮ್ಮ ವೈದ್ಯರು ಭಾನುವಾರ ಬೆಳಿಗ್ಗೆ ನೋಡುತ್ತಾರೆಯೇ ಎಂದು ವಿಚಾರಿಸಿ. ಆದರೆ ಭಾನುವಾರ ನೀವು ಚೆನ್ನಾಗಿ ಮಲಗಿ ಎದ್ದಿರುತ್ತೀರಿ. ಅಂದಿನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿ ಕಂಡರೂ ವಾರದ ಉಳಿದ ಆರು ದಿನಗಳ ಸಂಗತಿ ಅದರಿಂದ ತಿಳಿಯದು. ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಿದೆ, ಅದನ್ನೂ ಮಾಡಿಸಿ. ರಕ್ತದೊತ್ತಡವನ್ನು ಮಾತ್ರ ಒಂದು ದಿನವಾದರೂ ಕೆಲಸದ ದಿನದ ಸಂಜೆಯೇ ನೋಡಿಸಿಕೊಳ್ಳಿ. ರೈಲು ಇಳಿದ ಕೂಡಲೇ ಬೇಡ, ಹತ್ತು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ.